ಸಾಕಿದ ಮಾಂಸತಳಿಯ ಹೇಂಟೆ ಹಠಾತ್ತನೆ ನಡೆಯಲಾರದಾದಾಗ: ಕಾರಣ ಗುರುತಿಸುವ ಕ್ರಮ

ಸಂಜೆಯವರೆಗೆ ಅಂಗಳದಲ್ಲಿ ಕಾಳು ಹೆಕ್ಕುತ್ತ ಓಡಾಡಿದ ಕೋಳಿ, ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಮೇಲೇಳುವುದಿಲ್ಲ. ರೆಕ್ಕೆಗಳನ್ನು ನೆಲಕ್ಕೆ ಊರಿ ಒಂದೆರಡು ಹೆಜ್ಜೆ ತೆವಳಿ ಮತ್ತೆ ಕುಸಿಯುತ್ತದೆ. ಸಂತೆಯಲ್ಲಿ ಮಕ್ಕಳು ಹಟಹಿಡಿದು ಕೊಂಡ ಮರಿಯಾಗಿರಲಿ, ಫಾರಂನಿಂದ ತಂದು ಉಳಿಸಿಕೊಂಡ ಮರಿಯಾಗಿರಲಿ, ಮಾರಾಟಕ್ಕಲ್ಲದೆ ಪ್ರೀತಿಯಿಂದ ಸಾಕಿದ ಮಾಂಸತಳಿಯ ಹೇಂಟೆಗಳಲ್ಲಿ ಈ ತೊಂದರೆ ಮೇಲಿಂದ ಮೇಲೆ ಕಂಡುಬರುತ್ತದೆ. ಹೀಗಾದಾಗ ಸಾಕಿದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಯಾವ ಔಷಧಿ ಕೊಡಬೇಕು?’ ಎಂಬುದು. ಆದರೆ ಅದಕ್ಕೂ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಬೇರೆಯದು: ದೋಷ ಇರುವುದು ಎಲ್ಲಿ? ಅಂಗಾಲಿನಲ್ಲೋ, ಕೀಲಿನಲ್ಲೋ, ಎಲುಬಿನಲ್ಲೋ, ನರದಲ್ಲೋ, ಅಥವಾ ಕಾಲಿಗೆ ಸಂಬಂಧವೇ ಇಲ್ಲದ ಬೇರೊಂದು ಅಂಗದಲ್ಲೋ?

ಅಂಗಾಲಿನ ಕುರುವಿನಿಂದ ಕುಂಟುವ ಕೋಳಿಗೆ ಜೀವಸತ್ವದ ಹನಿ ಹಾಕುತ್ತ ಕುಳಿತರೆ ಸೋಂಕು ಎಲುಬಿಗೆ ಇಳಿಯುತ್ತದೆ. ಸುಣ್ಣದ ಅಂಶದ ಕೊರತೆಯಿಂದ ಬಿದ್ದ ಹೇಂಟೆಗೆ ನೋವಿನ ಮಾತ್ರೆ ಕೊಟ್ಟು ಕಾದರೆ, ಕೆಲವೇ ಗಂಟೆಗಳ ಚಿಕಿತ್ಸೆಯಲ್ಲಿ ಎದ್ದು ನಿಲ್ಲಬಹುದಾಗಿದ್ದ ಜೀವ ಕೈತಪ್ಪುತ್ತದೆ. ವೈರಾಣು ರೋಗದಿಂದ ಕಾಲು ಸೋತಿದ್ದರೆ ಮನೆಯ ಉಳಿದ ಕೋಳಿಗಳಿಗೂ ಅಪಾಯವಿದೆ. ಹೊರಗಿನಿಂದ ಈ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸಲು ನೀವು ಮನೆಯಲ್ಲಿಯೇ ಅನುಸರಿಸಬಹುದಾದ ಪರಿಶೀಲನೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇದು ಪಶುವೈದ್ಯರ ತಪಾಸಣೆಗೆ ಬದಲಿಯಲ್ಲ. ಅವರ ಬಳಿಗೆ ಸರಿಯಾದ ಮಾಹಿತಿಯೊಡನೆ, ಸರಿಯಾದ ಹೊತ್ತಿಗೆ ತಲುಪಲು ಸಹಾಯಕ.

ಮಾಂಸತಳಿಯ ದೇಹದ ವಿಶೇಷ

ಬ್ರಾಯ್ಲರ್ ಎಂದು ಕರೆಯುವ ಮಾಂಸತಳಿಯ ಕೋಳಿಯನ್ನು ಶೀಘ್ರ ಬೆಳವಣಿಗೆಗಾಗಿಯೇ ಹಲವು ತಲೆಮಾರುಗಳಿಂದ ಆಯ್ದು ಅಭಿವೃದ್ಧಿಪಡಿಸಲಾಗಿದೆ. ಸುಮಾರು 40 ಗ್ರಾಂ ತೂಗುವ ಒಂದು ದಿನದ ಮರಿ ಐದಾರು ವಾರಗಳಲ್ಲಿ 2 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ. ಸಾಮಾನ್ಯವಾಗಿ ಈ ಹಂತದಲ್ಲಿಯೇ ಅದು ಮಾರಾಟವಾಗುತ್ತದೆ. ಎದೆಯ ಮಾಂಸ ಬೆಳೆಯುವ ವೇಗಕ್ಕೆ ಕಾಲಿನ ಎಲುಬು, ಕೀಲು ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗುವುದಿಲ್ಲ. ಎದೆಯ ಭಾರದಿಂದ ದೇಹದ ತೂಕದ ಕೇಂದ್ರವೂ ಮುಂದಕ್ಕೆ ಸರಿಯುವುದರಿಂದ ನಿಲ್ಲುವಾಗ, ನಡೆಯುವಾಗ ಕಾಲುಗಳ ಮೇಲೆ ಅಸಹಜ ಒತ್ತಡ ಬೀಳುತ್ತದೆ.

ಇಂತಹ ಹಕ್ಕಿಯನ್ನು ಆರು ತಿಂಗಳು, ವರ್ಷ, ಎರಡು ವರ್ಷ ಬದುಕಿಸಿಕೊಳ್ಳಬೇಕಾದರೆ ಆಹಾರವನ್ನು ಅಳತೆಯಲ್ಲಿಟ್ಟು ತೂಕವನ್ನು ನಿಯಂತ್ರಿಸಲೇಬೇಕು. ಬೇಕಾದಷ್ಟು ತಿನ್ನಲು ಬಿಟ್ಟರೆ ವಯಸ್ಕ ಹೇಂಟೆ 4ರಿಂದ 5 ಕಿಲೋಗ್ರಾಂ ಮೀರಬಹುದು. ನಾಟಿ ಹೇಂಟೆ ಒಂದೂವರೆ ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ಹೋಲಿಸಿ ನೋಡಿದರೆ ಕಾಲುಗಳು ಹೊರುವ ಹೊರೆ ಅರ್ಥವಾಗುತ್ತದೆ. ಆದ್ದರಿಂದ ಈ ತಳಿಯಲ್ಲಿ ಕಾಲಿನ ತೊಂದರೆ ಕಂಡಾಗಲೆಲ್ಲ ಎರಡು ಸಂಗತಿಗಳನ್ನು ಮೊದಲು ಬರೆದಿಟ್ಟುಕೊಳ್ಳಿ: ಕೋಳಿಯ ವಯಸ್ಸು ಮತ್ತು ಅದರ ಇಂದಿನ ತೂಕ. ಚೀಲದಲ್ಲಿ ಕೂರಿಸಿ ತೂಗುತಕ್ಕಡಿಗೆ ನೇತುಹಾಕಿದರೆ ತೂಕ ತಿಳಿಯುತ್ತದೆ.

ಮುಟ್ಟುವ ಮೊದಲು ದೂರದಿಂದ ನೋಡಿ

ಕೋಳಿಯನ್ನು ಕೂಡಲೇ ಎತ್ತಿಕೊಳ್ಳಬೇಡಿ. ಹೆದರಿದ ಹಕ್ಕಿ ನೋವನ್ನು ಮರೆಮಾಚುತ್ತದೆ. ಹತ್ತು ನಿಮಿಷ ದೂರದಲ್ಲಿ ಕುಳಿತು, ಒಂದಿಷ್ಟು ಕಾಳು ಚೆಲ್ಲಿ, ಅದು ಹೇಗೆ ಏಳಲು ಯತ್ನಿಸುತ್ತದೆ ಎಂಬುದನ್ನು ಗಮನಿಸಿ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಕಾಣದ ನಡಿಗೆಯ ದೋಷ ಈ ದೃಶ್ಯದಲ್ಲಿ ವೈದ್ಯರಿಗೆ ಕಾಣುತ್ತದೆ.

ಕುಳಿತ ಭಂಗಿಯೇ ಹಲವು ಬಾರಿ ಕಾರಣದತ್ತ ಬೊಟ್ಟುಮಾಡುತ್ತದೆ. ಒಂದೇ ಕಾಲನ್ನು ಎತ್ತಿಹಿಡಿದು ಇನ್ನೊಂದರ ಮೇಲೆ ಕುಪ್ಪಳಿಸುತ್ತಿದ್ದರೆ ಆ ಕಾಲಿನಲ್ಲಿ ನೋವಿದೆ ಎಂದರ್ಥ. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಮಲಗಿದ್ದರೆ ನರದ ತೊಂದರೆಯನ್ನು ಶಂಕಿಸಬೇಕು. ಎರಡೂ ಹಿಮ್ಮಡಿ ಕೀಲುಗಳ ಮೇಲೆ ಕುಳಿತು ಪಾದಗಳನ್ನು ಮುಂದಕ್ಕೆ ಇಟ್ಟುಕೊಂಡಿದ್ದರೆ ಸ್ನಾಯುರಜ್ಜು ಹರಿದಿರಬಹುದು. ಐದಾರು ವಾರದೊಳಗಿನ ಮರಿ ಬಾಲದ ಮೇಲೆ ಕುಳಿತು, ಪಾದಗಳು ನೆಲದಿಂದ ಮೇಲೆದ್ದು, ಹಿಂದಕ್ಕೆ ವಾಲುತ್ತಿದ್ದರೆ ಬೆನ್ನೆಲುಬಿನ ಮಣಿ ಜಾರಿ ಬೆನ್ನುಹುರಿಯನ್ನು ಒತ್ತುತ್ತಿರುವ ಸಾಧ್ಯತೆಯಿದೆ. ಬಾತುಕೋಳಿಯಂತೆ ನೆಟ್ಟಗೆ ನಿಂತು, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಮುಕ್ಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು.

ಕಾಲು ಸರಿಯಿದ್ದರೂ ಕೋಳಿ ಕುಳಿತೇ ಇರುವುದುಂಟು. ಬಾಯಿ ತೆರೆದು ಏದುಸಿರು ಬಿಡುತ್ತಿದೆಯೇ, ಜುಟ್ಟು ನೀಲಿಗಟ್ಟಿದೆಯೇ, ಹೊಟ್ಟೆ ನೀರು ತುಂಬಿದ ಚೀಲದಂತೆ ಜೋತಿದೆಯೇ ನೋಡಿ. ಈ ಚಿಹ್ನೆಗಳಿದ್ದರೆ ತೊಂದರೆ ಹೃದಯ ಮತ್ತು ಶ್ವಾಸಕೋಶಗಳಲ್ಲಿದೆ. ಹಕ್ಕಿ ದಣಿವಿನಿಂದ ಕುಳಿತಿದೆ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತ ಕುಸಿದ ಕೋಳಿಗೆ ಮೊದಲು ಬೇಕಾದುದು ನೆರಳು, ಗಾಳಿ ಮತ್ತು ತಂಪಾದ ನೀರು.

ಇಷ್ಟಾದ ಮೇಲೆ ನೆನಪು ಮಾಡಿಕೊಳ್ಳಬೇಕಾದ ವಿವರಗಳಿವೆ. ಕುಂಟುವಿಕೆ ನಿಜಕ್ಕೂ ಒಂದೇ ರಾತ್ರಿಯಲ್ಲಿ ಬಂದಿತೇ, ಅಥವಾ ಕೆಲವು ದಿನಗಳಿಂದ ಕೋಳಿ ಹೆಚ್ಚು ಹೊತ್ತು ಕುಳಿತಿರುತ್ತಿತ್ತೇ? ಎತ್ತರದ ಕಟ್ಟೆಯಿಂದ, ಅಟ್ಟದಿಂದ ಹಾರಿತೇ? ನಾಯಿ ಅಟ್ಟಿಸಿಕೊಂಡು ಬಂದಿತೇ? ಆಹಾರ ಬದಲಾಯಿತೇ? ಮೊಟ್ಟೆ ಇಡಲು ಆರಂಭಿಸಿದೆಯೇ, ಕೊನೆಯ ಮೊಟ್ಟೆ ಇಟ್ಟದ್ದು ಯಾವಾಗ, ಅದರ ಸಿಪ್ಪೆ ತೆಳುವಾಗಿತ್ತೇ? ಹೊಸ ಕೋಳಿಯನ್ನು ಮನೆಗೆ ತಂದಿರಾ? ಬೇರೆ ಯಾವುದಾದರೂ ಕೋಳಿ ಸತ್ತಿದೆಯೇ?

ಅಂಗಾಲಿನಿಂದ ಮೇಲಕ್ಕೆ: ಕೈಯಿಂದ ಪರೀಕ್ಷೆ

ಕೋಳಿಯ ರೆಕ್ಕೆಗಳು ಬಡಿದುಕೊಳ್ಳದಂತೆ ಟವೆಲ್ಲಿನಿಂದ ಸುತ್ತಿ, ಇನ್ನೊಬ್ಬರ ತೊಡೆಯ ಮೇಲೆ ಕೂರಿಸಿ. ಎದೆಯನ್ನು ಬಿಗಿಯಾಗಿ ಅದುಮಬೇಡಿ. ಕೋಳಿ ಉಸಿರಾಡಲು ಎದೆಗೂಡು ಅಲುಗಬೇಕು. ಯಾವಾಗಲೂ ಆರೋಗ್ಯವಾಗಿರುವ ಕಾಲನ್ನು ಮೊದಲು ಮುಟ್ಟಿ, ನಂತರ ಇನ್ನೊಂದನ್ನು ಹೋಲಿಸಿ. ಬಿಸಿ, ಊತ, ಬಣ್ಣ, ನೋವು – ಈ ನಾಲ್ಕನ್ನೂ ಪ್ರತಿ ಹಂತದಲ್ಲಿ ಗಮನಿಸಿ.

ಅಂಗಾಲಿನಿಂದ ಆರಂಭಿಸಿ. ಮಣ್ಣು ತೊಳೆದು ನೋಡಿದಾಗ ನಡುವೆ ಕಪ್ಪು ಹೊಪ್ಪಳೆ, ಸುತ್ತ ಬಿಸಿಯಾದ ಊತ ಕಂಡರೆ ಅದು ಅಂಗಾಲಿನ ಕುರು. ಒದ್ದೆ ನೆಲ, ಗಟ್ಟಿ ಸಿಮೆಂಟು, ಮುಳ್ಳು ಅಥವಾ ಎತ್ತರದಿಂದ ಜಿಗಿಯುವುದರಿಂದ ಚರ್ಮ ಒಡೆದು, ಅಲ್ಲಿಂದ ಸ್ಟ್ಯಾಫಿಲೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳು ಒಳಹೊಕ್ಕು ಇದು ಉಂಟಾಗುತ್ತದೆ. ಭಾರದ ಕೋಳಿಗಳಲ್ಲಿ ಸಾಮಾನ್ಯ. ಹಕ್ಕಿಯ ಕೀವು ದ್ರವವಾಗಿರದೆ ಗಿಣ್ಣದಂತೆ ಗಟ್ಟಿಯಾಗಿರುವುದರಿಂದ ಹಿಸುಕಿದರೆ ಹೊರಬರುವುದಿಲ್ಲ. ಹಿಸುಕುವುದರಿಂದ ಸೋಂಕು ಒಳಕ್ಕೆ ಹರಡುತ್ತದೆ. ಬೆರಳುಗಳ ನಡುವೆ ಕೂದಲು, ದಾರ, ಪ್ಲಾಸ್ಟಿಕ್ ಎಳೆ ಸುತ್ತಿಕೊಂಡು ಬಿಗಿದಿದೆಯೇ ಎಂಬುದನ್ನೂ ನೋಡಿ. ಇದು ಅತಿ ಸರಳ ಕಾರಣ, ಕಣ್ತಪ್ಪಿಹೋಗುವುದೂ ಹೆಚ್ಚು.

ಕಣಕಾಲಿನ ಚಿಪ್ಪುಗಳು ನಯವಾಗಿ ಅಂಟಿಕೊಂಡಿರಬೇಕು. ಅವು ಎದ್ದು, ಬಿಳಿಯ ಪುಡಿಯಂತಹ ಪದಾರ್ಥ ಕಂಡರೆ ಚಿಪ್ಪಿನಡಿ ನುಸಿ ಸೇರಿಕೊಂಡಿದೆ. ನುಸಿಬಾಧೆ ನಿಧಾನವಾಗಿ ಬರುವುದರಿಂದ ಹಠಾತ್ ಕುಂಟುವಿಕೆಗೆ ಅದೊಂದೇ ಕಾರಣವೆಂದು ತೀರ್ಮಾನಿಸಬೇಡಿ. ಎಲುಬು ಅಸಹಜವಾಗಿ ಬಾಗಿದ್ದರೆ, ಮುಟ್ಟಿದಾಗ ಕರಕರ ಎನಿಸಿದರೆ ಮುರಿತವಿರಬಹುದು. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಗರಿಗಳು ಮುಗಿದು ಚಿಪ್ಪುಚರ್ಮ ಆರಂಭವಾಗುವಲ್ಲಿ, ನೋಡುವವರಿಗೆ ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ಕಾಣುವುದೇ ಹಿಮ್ಮಡಿ ಕೀಲು. ಮಾಂಸತಳಿಯ ತೊಂದರೆಗಳಲ್ಲಿ ಬಹಳಷ್ಟು ಇಲ್ಲಿಯೇ ಪತ್ತೆಯಾಗುತ್ತವೆ. ಕೀಲಿನ ಹಿಂಬದಿಯಲ್ಲಿ ಹಗ್ಗದಂತಹ ಸ್ನಾಯುರಜ್ಜು ಬೆರಳಿಗೆ ಸಿಗಬೇಕು. ಅದು ಪಕ್ಕಕ್ಕೆ ಸರಿದು, ಕಾಲು ಹೊರಕ್ಕೆ ತಿರುಚಿಕೊಂಡಿದ್ದರೆ ರಜ್ಜು ಜಾರಿದೆ. ಬೆಳೆಯುವ ಮರಿಗಳಲ್ಲಿ ಮ್ಯಾಂಗನೀಸ್, ಕೋಲೀನ್ ಮುಂತಾದ ಪೋಷಕಾಂಶಗಳ ಕೊರತೆ ಇದಕ್ಕೆ ಒಂದು ಕಾರಣ. ಮೊದಲ ದಿನವೇ ವೈದ್ಯರು ಅದನ್ನು ಸ್ವಸ್ಥಾನಕ್ಕೆ ಕೂರಿಸಿದರೆ ಪ್ರಯೋಜನವಾಗಬಹುದು. ತಡವಾದಷ್ಟೂ ಅವಕಾಶ ಕಡಿಮೆ. ದೊಡ್ಡ ಹೇಂಟೆಯಲ್ಲಿ ಹಿಮ್ಮಡಿಯ ಮೇಲ್ಭಾಗದ ಚರ್ಮ ಕೆಂಪಾಗಿ ಅಥವಾ ಹಸಿರು ಮಿಶ್ರಿತ ನೀಲಿಯಾಗಿದ್ದು, ಅಲ್ಲಿ ಗಟ್ಟಿ ಗಂಟು ಸಿಕ್ಕಿದರೆ ರಜ್ಜು ಹರಿದು ರಕ್ತ ಒಸರಿದೆ ಎಂದು ತಿಳಿಯಬೇಕು. ಹಸಿರು ಬಣ್ಣ ಕೊಳೆತದ ಗುರುತಲ್ಲ. ಒಸರಿದ ರಕ್ತ ಹಳತಾದಂತೆ ಬಣ್ಣ ಬದಲಾಗುತ್ತದೆ. ಅತಿಭಾರದ ಹಕ್ಕಿ ಜಿಗಿದಾಗ ಈ ಹರಿತ ಕ್ಷಣಮಾತ್ರದಲ್ಲಿ ಆಗಬಹುದು. ಕೀಲಿಗೆ ತಗಲುವ ರಿಯೋ ವೈರಾಣು ಸೋಂಕಿನಿಂದ ರಜ್ಜು ಮೊದಲೇ ದುರ್ಬಲವಾಗಿರುವ ಸಾಧ್ಯತೆಯೂ ಇದೆ. ಕೀಲು ಬಿಸಿಯಾಗಿ, ಮೆತ್ತಗೆ ಊದಿದ್ದರೆ ಬ್ಯಾಕ್ಟೀರಿಯಾ ಅಥವಾ ಮೈಕೊಪ್ಲಾಸ್ಮಾ ಸೋಂಕನ್ನು ಪರಿಗಣಿಸಬೇಕು.

ಇದಕ್ಕಿಂತ ಮೇಲಿನ ಭಾಗ ಮಾಂಸದಲ್ಲಿ ಮುಚ್ಚಿಹೋಗಿರುತ್ತದೆ. ಪಾದ ಮತ್ತು ಹಿಮ್ಮಡಿಯಲ್ಲಿ ಏನೂ ಕಾಣದೆ, ತೊಡೆಯನ್ನು ನಿಧಾನವಾಗಿ ಹಿಂದಕ್ಕೆ ಚಾಚಿದಾಗ ಕೋಳಿ ನೋವಿನಿಂದ ಕೂಗಿದರೆ ಸೊಂಟದ ಕೀಲಿನ ಬಳಿ ತೊಡೆಯೆಲುಬಿನ ತಲೆ ಸೋಂಕಿನಿಂದ ಶಿಥಿಲವಾಗಿರುವ ಶಂಕೆಯಿದೆ. ಶೀಘ್ರವಾಗಿ ಬೆಳೆಯುವ ಹಕ್ಕಿಗಳಲ್ಲಿ ಎಲುಬಿನ ತುದಿಯ ಮೃದು ಎಲುಬು ಭಾರಕ್ಕೆ ಸೀಳಿ, ರಕ್ತದ ಮೂಲಕ ಬಂದ ಬ್ಯಾಕ್ಟೀರಿಯಾ ಆ ಬಿರುಕುಗಳಲ್ಲಿ ನೆಲೆಗೊಳ್ಳುತ್ತದೆ. ಅಂತಹ ಹಕ್ಕಿ ರೆಕ್ಕೆಯ ತುದಿಯನ್ನು ಊರುಗೋಲಿನಂತೆ ಬಳಸಿ ನಡೆಯುತ್ತದೆ. ಇದನ್ನು ಮನೆಯಲ್ಲಿ ಖಚಿತಪಡಿಸಿಕೊಳ್ಳಲಾಗದು, ಎಕ್ಸ್‌-ರೇ ಅಗತ್ಯ.

ಕಾಲಿನಲ್ಲಿ ಏನೂ ಕಾಣದಿದ್ದರೆ: ನರದ ಪರೀಕ್ಷೆ

ಊತವಿಲ್ಲ, ಬಿಸಿಯಿಲ್ಲ, ಮುಟ್ಟಿದರೆ ನೋವಿಲ್ಲ. ಆದರೂ ಕಾಲು ಜೋತುಬಿದ್ದಿದೆ ಎಂದಾದರೆ ನರದತ್ತ ಗಮನ ಹರಿಸಬೇಕು. ಅಂಗಾಲಿಗೆ ನಿಮ್ಮ ಬೆರಳನ್ನು ತಾಗಿಸಿ. ಆರೋಗ್ಯವಂತ ಕೋಳಿ ಅದನ್ನು ಕೊಂಬೆಯಂತೆ ಹಿಡಿದುಕೊಳ್ಳುತ್ತದೆ. ಹಿಡಿಯದಿದ್ದರೆ ಬೆರಳುಗಳ ನಡುವಿನ ಚರ್ಮವನ್ನು ಹಗುರವಾಗಿ ಚಿವುಟಿ. ಕಾಲನ್ನು ಹಿಂದೆಳೆದುಕೊಂಡು ತಲೆ ತಿರುಗಿಸಿ ನೋಡಿದರೆ ಸಂವೇದನೆ ಉಳಿದಿದೆ. ಎರಡೂ ಇಲ್ಲವಾದರೆ ಪರಿಸ್ಥಿತಿ ಗಂಭೀರ.

ಆರು ವಾರದಿಂದ ಏಳೆಂಟು ತಿಂಗಳೊಳಗಿನ ಕೋಳಿಯಲ್ಲಿ ಮೊದಲು ಯೋಚಿಸಬೇಕಾದುದು ಮರೆಕ್ಸ್ ರೋಗ. ಹಂಗೇರಿಯ ಪಶುವೈದ್ಯ ಜೋಸೆಫ್ ಮರೆಕ್ 1907ರಲ್ಲಿ ಇದನ್ನು ಮೊದಲು ವಿವರಿಸಿದರು. ಹರ್ಪಿಸ್ ಗುಂಪಿನ ವೈರಾಣುವಿನಿಂದ ತೊಡೆಯ ದೊಡ್ಡ ನರ ದಪ್ಪವಾಗಿ ಊದಿಕೊಂಡು ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿಕೊಳ್ಳುತ್ತದೆ. ಕೆಲವು ಹಕ್ಕಿಗಳ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣ ಬೂದಿಯಾಗುತ್ತದೆ, ರೆಕ್ಕೆ ಜೋಲುತ್ತದೆ. ಹಸಿವು ಉಳಿದಿರುತ್ತದೆ, ಆದರೆ ಮೈ ಇಳಿಯುತ್ತ ಹೋಗುತ್ತದೆ. ಇದಕ್ಕೆ ಚಿಕಿತ್ಸೆಯಿಲ್ಲ. ಲಸಿಕೆಯನ್ನು ಮರಿ ಹೊರಬಂದ ಮೊದಲ ದಿನವೇ ಹಾಕಬೇಕು. ಕೆಲವೇ ವಾರಗಳಲ್ಲಿ ಮಾರಾಟವಾಗುವ ಮಾಂಸದ ಮರಿಗಳಿಗೆ ಇದನ್ನು ಎಲ್ಲೆಡೆ ಹಾಕುವುದಿಲ್ಲವಾದ್ದರಿಂದ, ಅಂತಹ ಮರಿಯನ್ನು ತಂದು ದೀರ್ಘಕಾಲ ಸಾಕುವವರು ಈ ಅಪಾಯವನ್ನು ಅರಿತಿರಬೇಕು. ವೈರಾಣು ಗರಿಯ ಹೊಟ್ಟಿನೊಡನೆ ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಕಾಲು ಸೋಲುವುದರ ಜೊತೆಗೆ ಕತ್ತು ತಿರುಚಿಕೊಳ್ಳುವುದು, ಹಸಿರು ಭೇದಿ, ಉಸಿರಾಟದ ತೊಂದರೆ ಕಂಡರೆ ಅದು ಕೊಕ್ಕರೆ ರೋಗ ಅಥವಾ ರಾಣಿಖೇತ್ ರೋಗದ ಸೂಚನೆ. ಇದು ಅತಿ ಶೀಘ್ರವಾಗಿ ಹರಡುತ್ತದೆ. ಒಂದಕ್ಕಿಂತ ಹೆಚ್ಚು ಕೋಳಿಗಳು ಹಠಾತ್ತನೆ ಕಾಯಿಲೆ ಬಿದ್ದರೆ ಅಥವಾ ಸತ್ತರೆ, ಸತ್ತವನ್ನು ಬರಿಗೈಯಲ್ಲಿ ಮುಟ್ಟದೆ, ಎಲ್ಲಿಗೂ ಸಾಗಿಸದೆ, ಹತ್ತಿರದ ಪಶು ಆಸ್ಪತ್ರೆಗೆ ಅಂದೇ ತಿಳಿಸಿ. ಹಕ್ಕಿಜ್ವರದ ಸಾಧ್ಯತೆಯನ್ನು ಅಧಿಕಾರಿಗಳು ಪರಿಶೀಲಿಸಬೇಕಾಗುತ್ತದೆ.

ಕಾಲಿನಿಂದ ಆರಂಭವಾದ ಸಡಿಲತೆ ರೆಕ್ಕೆಗೂ ಕೊನೆಗೆ ಕತ್ತಿಗೂ ಏರಿ, ಕೋಳಿ ಕತ್ತನ್ನು ನೆಲಕ್ಕೆ ಚೆಲ್ಲಿದ್ದರೆ ಬೊಟುಲಿಸಂ ವಿಷಬಾಧೆಯನ್ನು ಶಂಕಿಸಿ. ಕೊಳೆತ ಪ್ರಾಣಿದೇಹ ಅಥವಾ ಅದರಲ್ಲಿನ ಹುಳುಗಳನ್ನು ತಿಂದ ಕೋಳಿಗಳಲ್ಲಿ ಇದು ಕಾಣುತ್ತದೆ.

ಗ್ರಾಮೀಣ ಭಾಗದಲ್ಲಿ ಮರೆಯಬಾರದ ಇನ್ನೊಂದು ಕಾರಣ ಉಣ್ಣೆ. ಕೋಳಿ ಉಣ್ಣೆ ಹಗಲಿನಲ್ಲಿ ಗೋಡೆಯ ಬಿರುಕು, ಮರದ ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಅದರ ಮರಿಗಳು ಮಾತ್ರ ಹಲವು ದಿನ ಮೈಗೆ ಕಚ್ಚಿಕೊಂಡಿರುತ್ತವೆ. ಅವುಗಳಿಂದ ಕಾಲುಗಳು ಸೋಲಬಹುದು. ಜ್ವರ ಮತ್ತು ಹಸಿರು ಭೇದಿಯುಳ್ಳ ಸ್ಪೈರೋಕೀಟ್ ರೋಗವೂ ಹರಡಬಹುದು. ಆದ್ದರಿಂದ ರೆಕ್ಕೆಯಡಿ, ತೊಡೆಯ ಸಂದಿಯಲ್ಲಿ ಗರಿ ಬಿಡಿಸಿ ನೋಡಿ. ಗೂಡಿನ ಸಂದುಗಳಿಗೆ ರಾತ್ರಿ ಟಾರ್ಚ್ ಹಾಯಿಸಿ ಪರಿಶೀಲಿಸಿ.

ಎಳೆಯ ಮರಿ ಹಿಮ್ಮಡಿಯ ಮೇಲೆ ನಡೆಯುತ್ತ, ಕಾಲ್ಬೆರಳುಗಳು ಒಳಕ್ಕೆ ಮುಷ್ಟಿಯಂತೆ ಮಡಿಚಿಕೊಂಡಿದ್ದರೆ ಜೀವಸತ್ವ ಬಿ2 ಕೊರತೆ ಸಂಭವನೀಯ. ಅಕ್ಕಿನುಚ್ಚು, ಮೆಕ್ಕೆಜೋಳದ ನುಚ್ಚು ಮಾತ್ರ ತಿಂದು ಬೆಳೆದ ಮರಿಗಳಲ್ಲಿ ಇದು ಕಾಣುತ್ತದೆ. ಆರಂಭದಲ್ಲಿಯೇ ಜೀವಸತ್ವ ಕೊಟ್ಟರೆ ಗುಣವಾಗುತ್ತದೆ. ನರಕ್ಕೆ ಹಾನಿಯಾಗಿ ದಿನಗಳು ಕಳೆದರೆ ಬೆರಳುಗಳು ನೇರವಾಗುವುದಿಲ್ಲ.

ಮೊಟ್ಟೆಗೆ ಬಂದ ಹೇಂಟೆಯಲ್ಲಿ ವಿಶೇಷ ಎಚ್ಚರ

ಸುಮಾರು ಆರು ತಿಂಗಳ ವಯಸ್ಸಿನ, ಇತ್ತೀಚೆಗೆ ಮೊಟ್ಟೆ ಇಡಲು ಆರಂಭಿಸಿದ ಹೇಂಟೆ ಬೆಳಗಿನ ಜಾವ ಬಿದ್ದಿರುವುದು ಕಂಡರೆ ಸುಣ್ಣದ ಅಂಶ ಅಂದರೆ ಕ್ಯಾಲ್ಸಿಯಂ ಕೊರತೆಯನ್ನು ಕೂಡಲೇ ನೆನೆಯಬೇಕು. ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಸಿಪ್ಪೆ ರೂಪುಗೊಳ್ಳುವುದು ಬಹುಪಾಲು ರಾತ್ರಿಯ ಹೊತ್ತು, ಕೋಳಿ ಏನನ್ನೂ ತಿನ್ನದಿರುವಾಗ. ಮಾಂಸದ ಕೋಳಿಗೆಂದು ತಯಾರಾದ ಆಹಾರದಲ್ಲಿ ಕ್ಯಾಲ್ಸಿಯಂ ಪ್ರಮಾಣ ಶೇಕಡಾ 1ರ ಆಸುಪಾಸಿನಲ್ಲಿರುತ್ತದೆ. ಮೊಟ್ಟೆ ಕೋಳಿಯ ಆಹಾರದಲ್ಲಿ ಶೇಕಡಾ 3.5ರಿಂದ 4. ಅಂದರೆ ದಿನಕ್ಕೆ 120 ಗ್ರಾಂ ಮಾಂಸದ ಕೋಳಿ ಆಹಾರ ತಿನ್ನುವ ಹೇಂಟೆಗೆ ಸಿಗುವುದು 1.2 ಗ್ರಾಂ, ಅದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಉಳಿದುದನ್ನು ದೇಹ ತನ್ನ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ಬೆಳಿಗ್ಗೆ ಹೇಂಟೆ ಎದ್ದು ನಿಲ್ಲಲಾರದು. ಚಿಕಿತ್ಸೆ ತಡವಾದರೆ ಅಂದೇ ಸಾಯಬಹುದು.

ಸಂತೋಷದ ಸಂಗತಿಯೆಂದರೆ, ಕಾರಣ ಇದೇ ಆಗಿದ್ದು ಎಲುಬು ಮುರಿದಿರದಿದ್ದರೆ, ವೈದ್ಯರು ಕ್ಯಾಲ್ಸಿಯಂ ಕೊಟ್ಟ ಕೆಲವು ಗಂಟೆಗಳಲ್ಲಿ ಹೇಂಟೆ ಚೇತರಿಸಿಕೊಳ್ಳಬಹುದು. ಆದ್ದರಿಂದ ‘ಇತ್ತೀಚೆಗೆ ಮೊಟ್ಟೆಗೆ ಬಂದಿದೆ, ತಿನ್ನುತ್ತಿರುವುದು ಮಾಂಸದ ಕೋಳಿಯ ಆಹಾರ’ ಎಂಬ ಎರಡು ಮಾತುಗಳನ್ನು ಆಸ್ಪತ್ರೆಗೆ ಹೋದ ಕೂಡಲೇ ಹೇಳಿ.

ಮೊಟ್ಟೆ ಸಿಕ್ಕಿಕೊಂಡಾಗಲೂ ಸೊಂಟದೊಳಗಿನ ನರಗಳ ಮೇಲೆ ಒತ್ತಡ ಬಿದ್ದು ಕಾಲು ಸೋಲುತ್ತದೆ. ಗುದದ್ವಾರದ ಕೆಳಗೆ ಗಟ್ಟಿಯಾದ ಉಂಡೆ ಕೈಗೆ ಸಿಗಬಹುದು. ಅದನ್ನು ಅದುಮಿ ಹೊರತೆಗೆಯಲು ಯತ್ನಿಸಬೇಡಿ. ಒಳಗೆ ಒಡೆದರೆ ಸಿಪ್ಪೆಯ ಚೂರುಗಳು ಮೊಟ್ಟೆನಾಳವನ್ನು ಸೀಳುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆಯ ಭಾಗ ಮುಳುಗುವಂತೆ 15ರಿಂದ 20 ನಿಮಿಷ ಕೂರಿಸಿ, ಒರೆಸಿ, ಬೆಚ್ಚಗಿನ ಕತ್ತಲೆಯ ಜಾಗದಲ್ಲಿಡಿ. ಒಂದೆರಡು ಗಂಟೆಗಳಲ್ಲಿ ಮೊಟ್ಟೆ ಹೊರಬಾರದಿದ್ದರೆ ವೈದ್ಯರ ನೆರವು ಬೇಕು.

ಮೊದಲ 24 ಗಂಟೆಗಳ ಆರೈಕೆ

ಕಾರಣ ಯಾವುದೇ ಇರಲಿ, ಈ ಆರೈಕೆ ಎಲ್ಲಕ್ಕೂ ಅನ್ವಯಿಸುತ್ತದೆ. ಬಿದ್ದ ಕೋಳಿ ಎಷ್ಟೋ ಬಾರಿ ಕಾಲಿನ ರೋಗದಿಂದಲ್ಲ, ನೀರಿನ ಬಟ್ಟಲನ್ನು ತಲುಪಲಾಗದೆ ಸಾಯುತ್ತದೆ.

ಕೋಳಿಯನ್ನು ಉಳಿದವುಗಳಿಂದ ಬೇರ್ಪಡಿಸಿ. ಇತರ ಕೋಳಿಗಳು ಕುಕ್ಕಿ ಗಾಯಗೊಳಿಸುತ್ತವೆ. ಸೋಂಕಿನ ಲಕ್ಷಣಗಳಿಲ್ಲದಿದ್ದರೆ ಜೊತೆಗಾರರು ಕಣ್ಣಿಗೆ ಕಾಣುವಂತಿರಲಿ. ನುಣುಪಾದ ಟೈಲ್ಸ್, ಬರಿಯ ಪತ್ರಿಕೆಯ ಕಾಗದ ಬೇಡ. ಕಾಲು ಜಾರಿ ಇನ್ನಷ್ಟು ಹಾನಿಯಾಗುತ್ತದೆ. ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಹರಡಿ, ಮೇಲೆ ಒಣ ಗೋಣಿಚೀಲ ಹಾಸಿ. ನೀರು ಮತ್ತು ಆಹಾರ ಕುಳಿತಲ್ಲಿಯೇ ಕೊಕ್ಕಿಗೆ ಎಟುಕುವಂತಿರಲಿ. ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಹನಿಹನಿಯಾಗಿ ನೀರು ತಾಗಿಸಿ. ಬಾಯೊಳಗೆ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗಲು ಬದಲಿಸಿ, ಎದೆಮೂಳೆಯ ಚರ್ಮ ಒಡೆಯದಂತೆ ನೋಡಿಕೊಳ್ಳಿ. ಗುದದ್ವಾರದ ಸುತ್ತ ಹಿಕ್ಕೆ ಮೆತ್ತಿಕೊಂಡರೆ ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ದಿನಕ್ಕೆ ಎರಡು ಬಾರಿ ತೊಳೆದು ಒರೆಸಿ. ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ. ಮಕ್ಕಳಿಗೂ ಇದನ್ನು ಕಲಿಸಿ.

ಮಾಡಬಾರದ ಕೆಲಸಗಳು

ಮನುಷ್ಯರ ನೋವಿನ ಮಾತ್ರೆಯನ್ನು ಪುಡಿಮಾಡಿ ಕೊಡಬೇಡಿ. ಡೈಕ್ಲೋಫೆನಾಕ್ ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ರಣಹದ್ದುಗಳ ಸಂತತಿ ಕುಸಿಯಲು ಕಾರಣವಾದ ಈ ಔಷಧಿಯ ಪಶುಬಳಕೆಯನ್ನು ಭಾರತದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ಅಂಗಡಿಯಿಂದ ಪ್ರತಿಜೈವಿಕ ಔಷಧಿ ತಂದು ಊಹೆಯಿಂದ ನೀರಿಗೆ ಬೆರೆಸಬೇಡಿ. ನರ ಅಥವಾ ಸ್ನಾಯುರಜ್ಜುವಿನ ತೊಂದರೆಗೆ ಅದು ನಾಟುವುದಿಲ್ಲ. ಸೋಂಕೇ ಇದ್ದರೂ ಅರೆಬರೆ ಪ್ರಮಾಣದಿಂದ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ. ಕಾಲಿಗೆ ಸೀಮೆಎಣ್ಣೆ ಹಚ್ಚುವುದು, ಕುರುವನ್ನು ಬ್ಲೇಡಿನಿಂದ ಕೊಯ್ಯುವುದು, ಬಿಗಿಯಾಗಿ ಕಟ್ಟು ಹಾಕುವುದು ಬೇಡ. ಔಷಧಿ ಕೊಟ್ಟ ಹೇಂಟೆಯ ಮೊಟ್ಟೆಯನ್ನು ವೈದ್ಯರು ತಿಳಿಸಿದ ಅವಧಿಯವರೆಗೆ ತಿನ್ನಬಾರದು.

ವೈದ್ಯರ ಬಳಿಗೆ ಯಾವಾಗ, ಹೇಗೆ?

ಮೊಟ್ಟೆಗೆ ಬಂದ ಹೇಂಟೆ ಪೂರ್ತಿ ಬಿದ್ದಿದ್ದರೆ, ಎಲುಬು ಮುರಿದಿದ್ದರೆ, ಸ್ನಾಯುರಜ್ಜು ಜಾರಿದ್ದರೆ, ಕತ್ತು ಸೋತಿದ್ದರೆ, ಉಸಿರಾಟಕ್ಕೆ ತೊಂದರೆಯಿದ್ದರೆ ಅಂದೇ ಹೋಗಬೇಕು. ಒಂದು ಕಾಲಷ್ಟೇ ಕುಂಟುತ್ತ, ಚೆನ್ನಾಗಿ ತಿಂದು ಕುಡಿಯುತ್ತಿದ್ದರೆ ವಿಶ್ರಾಂತಿ ಕೊಟ್ಟು ಒಂದೆರಡು ದಿನ ಗಮನಿಸಬಹುದು. ಸುಧಾರಣೆ ಕಾಣದಿದ್ದರೆ ಮತ್ತೆ ಕಾಯಬೇಡಿ. ಸಂಚಾರಿ ಪಶು ಚಿಕಿತ್ಸಾ ಸೇವೆಗಾಗಿ 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಎಕ್ಸ್‌-ರೇ ಅಥವಾ ಪ್ರಯೋಗಾಲಯ ಪರೀಕ್ಷೆ ಬೇಕಾದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ ಮೊದಲಾದ ಕಡೆಗಳಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಗಳನ್ನು ವಿಚಾರಿಸಬಹುದು. ಒಯ್ಯುವಾಗ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಹೊಟ್ಟು ಹಾಸಿ ಕೂರಿಸಿ. ವಯಸ್ಸು, ತೂಕ, ಆಹಾರದ ಚೀಲದ ಮೇಲಿನ ವಿವರದ ಚಿತ್ರ, ಹಾಕಿಸಿದ ಲಸಿಕೆಗಳು, ನಡಿಗೆಯ ಚಿತ್ರೀಕರಣ, ಹೊಸ ಹಿಕ್ಕೆ – ಇವು ಜೊತೆಯಲ್ಲಿರಲಿ.

ನಿರೀಕ್ಷೆ ಮತ್ತು ನಿರ್ಧಾರ

ಅಂಗಾಲಿನ ಕುರು ಬೇಗ ಪತ್ತೆಯಾದರೆ, ವಾರಗಟ್ಟಲೆ ಆರೈಕೆ ಬೇಕಾದರೂ, ಗುಣವಾಗುತ್ತದೆ. ಕ್ಯಾಲ್ಸಿಯಂ ಕೊರತೆ, ಜೀವಸತ್ವದ ಕೊರತೆ, ಸಣ್ಣ ಉಳುಕುಗಳಲ್ಲಿಯೂ ಭರವಸೆ ಇಟ್ಟುಕೊಳ್ಳಬಹುದು. ಎರಡೂ ಕಾಲಿನ ಸ್ನಾಯುರಜ್ಜು ಹರಿದ, ಸೊಂಟದ ಎಲುಬು ಶಿಥಿಲವಾದ, ಮರೆಕ್ಸ್ ರೋಗದಿಂದ ಕಾಲು ಸೋತ ಹಕ್ಕಿ ಮತ್ತೆ ಮೊದಲಿನಂತೆ ನಡೆಯುವುದು ಅಪರೂಪ. ಚಿಕಿತ್ಸೆ ಆರಂಭಿಸಿದ ಮೇಲೆ ಪ್ರತಿದಿನ ಮೂರು ಪ್ರಶ್ನೆ ಕೇಳಿಕೊಳ್ಳಿ: ತಾನಾಗಿ ತಿಂದಿತೇ? ತೂಕ ಉಳಿದಿದೆಯೇ? ನಿನ್ನೆಗಿಂತ ಇಂದು ಸ್ವಲ್ಪವಾದರೂ ಕಾಲಿಗೆ ಭಾರ ಕೊಟ್ಟಿತೇ? ದಿನದಿಂದ ದಿನಕ್ಕೆ ಮೂರಕ್ಕೂ ‘ಇಲ್ಲ’ ಎಂಬ ಉತ್ತರವೇ ಬರುತ್ತಿದ್ದರೆ, ವೈದ್ಯರೊಡನೆ ದಯಾಮರಣದ ಕುರಿತು ಮಾತನಾಡುವುದು ತಪ್ಪಲ್ಲ. ಅದು ನಿಮ್ಮ ಆರೈಕೆಯ ಸೋಲೂ ಅಲ್ಲ. ಆರು ವಾರ ಬದುಕಲೆಂದು ರೂಪಿಸಿದ ದೇಹವನ್ನು ನೀವು ಅದಕ್ಕಿಂತ ಬಹಳ ಕಾಲ ಕಾಪಾಡಿದ್ದೀರಿ.

ಕೋಳಿ ಸತ್ತರೆ, ವಿಶೇಷವಾಗಿ ಮನೆಯಲ್ಲಿ ಬೇರೆ ಕೋಳಿಗಳಿದ್ದರೆ, ಮರಣೋತ್ತರ ಪರೀಕ್ಷೆ ಮಾಡಿಸಿ. ಊದಿದ ನರ, ಕೀವುಗಟ್ಟಿದ ಎಲುಬು, ಮೂತ್ರಪಿಂಡದ ಬಿಳಿ ಉಪ್ಪು ಕಣ್ಣಿಗೆ ಕಾಣುವುದು ಆಗಲೇ. ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆಯಿಟ್ಟು ಅಂದೇ ತಲುಪಿಸಿ, ಗಟ್ಟಿಯಾಗಿ ಹೆಪ್ಪುಗಟ್ಟಿಸಬೇಡಿ. ಪರೀಕ್ಷೆ ಬೇಡವಾದರೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ಮುಂದೆ ಹೀಗಾಗದಂತೆ

ಎಂಟು ವಾರ ದಾಟಿದ ಮಾಂಸತಳಿಯ ಕೋಳಿಯ ಮುಂದೆ ಸದಾ ತುಂಬಿದ ತಟ್ಟೆ ಇರಕೂಡದು. ಆಹಾರವನ್ನು ತೂಗಿ, ದಿನಕ್ಕೆ ಎರಡು ಹೊತ್ತು ಕೊಡಿ. ವಯಸ್ಕ ಹೇಂಟೆಗೆ ದಿನಕ್ಕೆ ಸುಮಾರು 120ರಿಂದ 150 ಗ್ರಾಂ ಎಂದು ಆರಂಭಿಸಿ, ವಾರಕ್ಕೊಮ್ಮೆ ತೂಗಿದ ತೂಕಕ್ಕೆ ತಕ್ಕಂತೆ ವೈದ್ಯರ ಸಲಹೆಯಿಂದ ಹೊಂದಿಸಿ. ಹಸಿವು ತಣಿಯಲು ಸೊಪ್ಪು, ತರಕಾರಿ ಕೊಡಬಹುದು. ಮೊಟ್ಟೆಗೆ ಬರುವ ಮುನ್ನವೇ ಮೊಟ್ಟೆ ಕೋಳಿಯ ಆಹಾರಕ್ಕೆ ಬದಲಾಯಿಸಿ, ಬೇರೆ ಬಟ್ಟಲಿನಲ್ಲಿ ಕಪ್ಪೆಚಿಪ್ಪಿನ ಪುಡಿ ಇಡಿ. ಎಳೆಯ ಮರಿಗಳಿಗೆ ಮಾತ್ರ ಆ ಆಹಾರ ಬೇಡ. ಹೆಚ್ಚಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಕ್ಕೆ ಹಾನಿಕರ. ಬೂಷ್ಟು ಹಿಡಿದ ಮೆಕ್ಕೆಜೋಳ, ಕಡಲೆಹಿಂಡಿ ಯಾವ ವಯಸ್ಸಿನ ಕೋಳಿಗೂ ಸಲ್ಲದು.

ಕೂರುವ ಅಡ್ಡೆ ನೆಲದಿಂದ ಅರ್ಧ ಅಡಿಗಿಂತ ಎತ್ತರವಿರಬಾರದು. ಮೆಟ್ಟಿಲಿದ್ದಲ್ಲಿ ಇಳಿಜಾರಾಗಿ ಹಲಗೆಯಿಡಿ. ಹಾಸು ಒಣಗಿರಲಿ. ಬೆಳಗಿನ ಬಿಸಿಲಿನಲ್ಲಿ ಒಂದಿಷ್ಟು ಹೊತ್ತು ಓಡಾಡಲು ಬಿಡಿ. ಬಿಸಿಲಿನಿಂದ ಜೀವಸತ್ವ ಡಿ, ನಡಿಗೆಯಿಂದ ಎಲುಬಿಗೆ ಬಲ ದೊರೆಯುತ್ತದೆ. ರಾಣಿಖೇತ್ ಲಸಿಕೆಯನ್ನು ವೇಳಾಪಟ್ಟಿಯಂತೆ ಹಾಕಿಸಿ. ವಾರಕ್ಕೊಮ್ಮೆ ತೂಗುವ ದಿನವೇ ಅಂಗಾಲನ್ನೂ ತಿರುಗಿಸಿ ನೋಡುವ ಅಭ್ಯಾಸವಿಟ್ಟುಕೊಳ್ಳಿ. ಹಠಾತ್ತನೆ ಬಂದಂತೆ ತೋರುವ ಕುಂಟುವಿಕೆಯಲ್ಲಿ ಎಷ್ಟೋ ಬಾರಿ ಮೊದಲ ಗುರುತು ವಾರಗಳ ಹಿಂದೆಯೇ ಮೂಡಿರುತ್ತದೆ: ಅಂಗಾಲಿನ ಸಣ್ಣ ಕಪ್ಪು ಚುಕ್ಕೆಯಾಗಿ, ತಕ್ಕಡಿಯಲ್ಲಿ ಏರಿದ ಕಾಲು ಕಿಲೋಗ್ರಾಂ ಆಗಿ, ತೆಳುವಾದ ಒಂದು ಮೊಟ್ಟೆಯ ಸಿಪ್ಪೆಯಾಗಿ. ಆ ಹಂತದಲ್ಲಿ ಕಂಡುಕೊಂಡರೆ ಚಿಕಿತ್ಸೆ ಸುಲಭ, ಖರ್ಚೂ ಕಡಿಮೆ.